ಕೀಲಿಕೈ ಯಾರ ಹತ್ರ ಇದೆ?

ಕಳೆದ ವಾರ ಬೆಳಿಗ್ಗೆ ಐದೂವರೆಗೆ ಮಗಳನ್ನು ಓಟದ ಪ್ರಾಕ್ಟೀಸ್‌ಗೆ ಕರೆದುಕೊಂಡು ಹೋಗಿದ್ದೆ. ಯಾವ ಮೈದಾನ ಅಂತ ಹೇಳಲ್ಲ. ವಿಜಯಪುರದವರಿಗೆ ಹೇಳೋದೂ ಬೇಕಾಗಿಲ್ಲ. ಗೇಟಿಗೆ ಕೀಲಿ. ಆರು ಗಂಟೆಗೆ ಕಾವಲಿನ ಕಾಕಾ ಬಂದು ತೆಗೆದರು. ಒಳಗೆ ಹೋದರೆ ಹೆಣ್ಣುಮಕ್ಕಳ ಶೌಚಾಲಯಕ್ಕೂ ಕೀಲಿ.

"ಕಾಕಾ, ಇದರ ಕೀಲಿಕೈ ಎಲ್ಲೈತ್ರಿ?"

"ಅದು ಆಫೀಸಿನ್ಯಾಗ ಐತ್ರಿ. ಹತ್ತಕ್ಕ ಸಾಹೇಬ್ರು ಬರ್ತಾರ."

ಹತ್ತು ಗಂಟೆಗೆ ನಮ್ಮೂರ ಬಿಸಿಲಲ್ಲಿ ಯಾರು ಓಡ್ತಾರ್ರೀ? ಮಗಳು ಎರಡು ಸುತ್ತು ಓಡಿ, "ಅಪ್ಪಾ, ಮನೆಗೆ ಹೋಗೋಣ" ಅಂದಳು. ಯಾಕೆ ಅಂತ ನಾನೂ ಕೇಳಲಿಲ್ಲ.

ಅವತ್ತಿನಿಂದ ಊರಲ್ಲಿ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಕೀಲಿಯ ಮೇಲೆ ಬೀಳುತ್ತಿದೆ. ಗಾರ್ಡನ್ ಗೇಟಿಗೆ ಕೀಲಿ, ಒಳಾಂಗಣ ಆಟದ ಹಾಲ್‌ಗೆ ಕೀಲಿ, ಕುಡಿಯುವ ನೀರಿನ ಕೋಣೆಗೆ ಕೀಲಿ. ಕೀಲಿ ಇಲ್ಲದೇ ಇರೋದು ಓಪನ್ ಜಿಮ್ ಮಾತ್ರ. ಅದಕ್ಕೆ ಗ್ರೀಸ್ ಹಾಕುವವರಿಲ್ಲ, ನಟ್ ಬಿಗಿ ಮಾಡುವವರಿಲ್ಲ. ವರ್ಷ ತುಂಬುವಷ್ಟರಲ್ಲಿ ಬಟ್ಟೆ ಒಣಹಾಕೋಕೆ ಚೆನ್ನಾಗಿರುತ್ತದೆ.

ಕಟ್ಟೋಕೆ ನಮ್ಮಲ್ಲಿ ದುಡ್ಡು ಬರುತ್ತದೆ. ಅಡಿಗಲ್ಲು, ಪೆಂಡಾಲು, ಹಾರ, ಫೋಟೋ ಎಲ್ಲ ಆಗುತ್ತದೆ. ಕಟ್ಟಿದ್ದನ್ನು ತೆರೆದಿಡೋಕೆ, ಗುಡಿಸೋಕೆ, ರಿಪೇರಿ ಮಾಡೋಕೆ ಮಾತ್ರ ಯಾವಾಗಲೂ ದುಡ್ಡಿಲ್ಲ. ನಮ್ಮ ಕಾಕಾನನ್ನೇ ನೋಡಿ. ಅವರೇ ಕಾವಲು, ಅವರೇ ಮಾಲಿ, ಅವರೇ ಗಿಡಕ್ಕೆ ನೀರು ಬಿಡೋರು.

ಇದೇ ಊರಲ್ಲಿ 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಅನ್ನೋ ಕೆರೆ ಕಟ್ಟಿಸಿದ. ಅಲ್ಲಿಂದ ನೆಲದೊಳಗೆ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಆದಿಲ್ ಶಾಹಿ ಕಾಲದ ನೀರಿನ ದಾರಿಗಳಲ್ಲಿ ಅಲ್ಲಲ್ಲಿ ಗಂಜ್ ಅಂತ ಗೋಪುರಗಳಿವೆ, ಈಗಲೂ ನೋಡಬಹುದು. ನೀರಿನ ಒತ್ತಡ ತಗ್ಗಿಸೋದು, ಹೂಳು ಕೆಳಗೆ ಕೂರುವ ಹಾಗೆ ಮಾಡೋದು ಅವುಗಳ ಕೆಲಸ. ಅಂದರೆ ಕಟ್ಟುವಾಗಲೇ ಅವರಿಗೆ ಗೊತ್ತಿತ್ತು, ಇದರಲ್ಲಿ ಕೊಳೆ ಸೇರುತ್ತದೆ, ಕೊಳವೆ ಒಡೆಯಬಹುದು ಅಂತ. ನಾವು ಶೌಚಾಲಯ ಕಟ್ಟುವಾಗ ಅದರ ಕೀಲಿಕೈ ಯಾರ ಹತ್ರ ಇರಬೇಕು ಅಂತ ಕೂಡ ಯೋಚಿಸಿರಲ್ಲ.

ಹಾಗಾದ್ರೆ ಹೊಸದು ಕಟ್ಟೋದೇ ಬೇಡ್ವಾ ಅಂತ ಗೆಳೆಯನೊಬ್ಬ ಕೇಳಿದ. ಬೇಕು. ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ ಅನ್ನುವಷ್ಟು ಹೆಸರು ನಮಗಿದೆ. ಆದರೆ ಭೂತನಾಳದ ಹತ್ತಿರದ ವೆಲೋಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಎಷ್ಟೋ ಹುಡುಗರು ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿದೇ ದೊಡ್ಡವರಾದರು. ವೆಲೋಡ್ರೋಮ್ ಅಂದರೆ ಓರೆಯಾಗಿ ಎದ್ದ ಟ್ರ್ಯಾಕ್. ಆ ವೇಗದಲ್ಲಿ ಬೆರಳಗಲದ ಬಿರುಕು ಸಿಕ್ಕರೂ ಹುಡುಗ ಬೀಳುತ್ತಾನೆ. ಆ ಬಿರುಕು ಮುಚ್ಚೋಕೆ ಪ್ರತಿ ವರ್ಷ ದುಡ್ಡು ತೆಗೆದಿಡಬೇಕಲ್ವಾ?

2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದ ರಾಜೇಶ್ವರಿ ಗಾಯಕ್ವಾಡ್ ನಮ್ಮೂರವರು. ಆ ಆಟ ನೋಡಿ ಬ್ಯಾಟು ಬಾಲು ಕೇಳಿದ ಹುಡುಗಿಯರು ನಮ್ಮ ಓಣಿಯಲ್ಲೇ ಇದ್ದರು. ಅವರನ್ನು ಬೆಳಿಗ್ಗೆ ಮೈದಾನಕ್ಕೆ ಕಳಿಸೋಕೆ ತಾಯಂದಿರು ಕೇಳೋದು ಎರಡೇ: ಲೈಟ್ ಇದೆಯಾ, ಬಾತ್‌ರೂಮ್ ತೆರೆದಿರುತ್ತಾ? ಹುಲ್ಲು ಯಾವ ತಳಿ, ಪೆವಿಲಿಯನ್ ಎಷ್ಟು ದೊಡ್ಡದು ಅಂತ ಯಾರೂ ಕೇಳಿಲ್ಲ.

ಗಿಡಗಳದ್ದೂ ಇದೇ ಕಥೆ. ಕೋಟಿ ವೃಕ್ಷ ಅಭಿಯಾನ ಬಂದ ಮೇಲೆ ಜಿಲ್ಲೆಯಲ್ಲಿ ಗಿಡದ ಮಾತು ಜಾಸ್ತಿಯಾಗಿದೆ, ಒಳ್ಳೇದು. ಆದರೆ ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಎಳೆ ಬೇರು ಒಣಗುತ್ತದೆ. ನೆಡೋದು ಒಂದು ದಿನದ ಕೆಲಸ, ನೀರು ಹಾಕೋದು ಮೂರು ಬೇಸಿಗೆಯ ಕೆಲಸ. ಬೇವು, ಹೊಂಗೆ, ಹುಣಸೆ ಇಷ್ಟು ಕಾಯ್ದರೆ ಸಾಕು, ಆಮೇಲೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಬೇಗ ಹಸಿರು ಕಾಣಲಿ ಅಂತ ಕೋನೋಕಾರ್ಪಸ್ ಅನ್ನೋ ವಿದೇಶಿ ಗಿಡ ಮಾತ್ರ ತರಬೇಡಿ. ಗುಜರಾತ್ 2023ರಲ್ಲೇ ಅದನ್ನು ನಿಷೇಧಿಸಿದೆ.

ಇನ್ನೊಂದು ಮಾತು. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸೋಕೆ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಇಂಥ ಜಾಗಗಳ ಪಟ್ಟಿ ಮಾಡಬೇಕು ಅನ್ನುತ್ತದೆ ಅದು. ಪಾಲಿಕೆಯಲ್ಲಿ 35 ವಾರ್ಡ್‌ಗಳಿವೆ. ಆ ಪಟ್ಟಿಯನ್ನು ವಾರ್ಡ್ ಪ್ರಕಾರ ಗೋಡೆಗೆ ಅಂಟಿಸಿ. ಪ್ರತಿ ಹೆಸರಿನ ಮುಂದೆ ತೆರೆಯುವ ಹೊತ್ತು, ಕೀಲಿಕೈ ಇಟ್ಟುಕೊಂಡವರ ಹುದ್ದೆ, ಫೋನ್ ನಂಬರ್ ಬರೆಯಿರಿ. ಇದಕ್ಕೆ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಬೇಕಾಗಿಲ್ಲ, ಟೆಂಡರ್ ಬೇಕಾಗಿಲ್ಲ.

ಇಷ್ಟನ್ನೇ ಒಂದು ಅರ್ಜಿಯಲ್ಲಿ ಬರೆದು ಸೋಮವಾರ ಕೊಟ್ಟು ಬಂದೆ. ಸ್ವೀಕೃತಿ ಸಹಿ ಹಾಕಿಸಿಕೊಂಡಿದ್ದೇನೆ. ಮರುದಿನ ಬೆಳಿಗ್ಗೆ ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು.

"ಚೊಲೋ ಮಾಡೀರಿ. ಆ ಕೀಲಿಕೈದು ಒಂದು ಡುಪ್ಲಿಕೇಟ್ ನನಗ ಕೊಡಸ್ರಿ. ನಾನೂ ಬಯಲಿಗೇ ಹೋಗ್ತೀನ್ರಿ."