ಸುಳ್ಳು ಹಿಡಿಯುವ ಕೆಲಸದ ಇಂಟರ್ವ್ಯೂ

ಫೋರೆನ್ಸಿಕ್ ಸೈಕಾಲಜಿ, ಅಂದರೆ ಪೊಲೀಸ್-ಕೋರ್ಟು ಕೇಸುಗಳಿಗೆ ಮನಃಶಾಸ್ತ್ರ ಬಳಸುವ ಕೆಲಸದ ಇಂಟರ್ವ್ಯೂಗೆ ಏನು ಓದ್ಕೊಂಡು ಹೋಗಬೇಕು ಅಂತ ಈ ವಾರ ಇಬ್ಬರು ಕೇಳಿದರು. ಇಬ್ಬರ ಹತ್ತಿರವೂ ಸೀರಿಯಲ್ ಕಿಲ್ಲರ್‌ಗಳ ನೋಟ್ಸ್ ದಂಡಿಯಾಗಿತ್ತು. ಕಾನೂನಿನದು ಒಂದು ಪುಟವೂ ಇರಲಿಲ್ಲ.

ನಾನೂ ಹಾಗೇ ಹೋಗಿದ್ದವಳು. ಎದುರಿಗೆ ಮೂವರು. ಒಬ್ಬರು ಹಾಳೆಯೊಂದನ್ನು ಮುಂದಿಟ್ಟರು. ಕಳ್ಳತನದ ಕೇಸು, ಆರೋಪಿಗೆ ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಮಾಡಿಕೊಡಿ ಅಂತ ಠಾಣೆಯಿಂದ ಬಂದ ಹಾಗೆ ಬರೆದಿದ್ದ ಪತ್ರ. 'ಏನು ಮಾಡ್ತೀರಿ?' ಅಂದರು. ಎದೆಗೆ ಪಟ್ಟಿ, ಬೆರಳಿಗೆ ಸೆನ್ಸರ್, ತೋಳಿಗೆ ಬಿಪಿ ಕಫ್ ಅಂತ ನಾನು ಒಂದೇ ಉಸಿರಿಗೆ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಅವನು ಒಪ್ಪಿದ್ದಾನಾ?' ಅಂದರು. ಹಾಳೆ ತಿರುಗಿಸಿ ನೋಡಿದೆ. ಹಿಂದುಗಡೆ ಖಾಲಿ.

2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೆಲ್ವಿ ಕೇಸಿನ ತೀರ್ಪನ್ನು ನಾನು ಓದಿದ್ದು ಅದಾದ ಮೇಲೆ. ಎದುರುಪಕ್ಷ ಕರ್ನಾಟಕ ರಾಜ್ಯವೇ, ಆದರೂ ನಮಗೆ ಗೊತ್ತಿರಲ್ಲ, ನೋಡಿ! ಒಪ್ಪಿಗೆ ಇಲ್ಲದೆ ನಾರ್ಕೋ (ಔಷಧಿ ಕೊಟ್ಟು ಅರೆಮಂಪರಿನಲ್ಲಿ ಮಾತಾಡಿಸೋದು), ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ (ಮಿದುಳಿನ ತರಂಗ ನೋಡೋದು) ಮೂರನ್ನೂ ಮಾಡುವಂತಿಲ್ಲ. ಆ ಒಪ್ಪಿಗೆ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷಿ ಆಗಲ್ಲ, ಅದರ ಸಹಾಯದಿಂದ ಆಮೇಲೆ ಸಿಕ್ಕ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕೋರ್ಟು ನೋಡಬಹುದು.

ಹಾಗೇ ಮನಸ್ಸು ಸ್ವಸ್ಥವಿಲ್ಲದೆ ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುವ ಸೆಕ್ಷನ್: ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ 84, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನಲ್ಲಿ 22. ಕಾಯಿಲೆ ಇದೆ ಅನ್ನೋದು ಒಂದು. ಆ ಕೆಲಸ ಮಾಡುವ ಹೊತ್ತಲ್ಲಿ, ತಾನೇನು ಮಾಡ್ತಿದ್ದೀನಿ, ಇದು ತಪ್ಪು ಅಂತ ತಿಳಿಯುವ ಸ್ಥಿತಿ ಅವನಿಗಿತ್ತಾ ಅನ್ನೋದು ಇನ್ನೊಂದು. ಸ್ಕಿಜೋಫ್ರೇನಿಯಾದ ಲಕ್ಷಣ ಹತ್ತು ಹೇಳಿದರೂ ಎರಡನೇದಕ್ಕೆ ಉತ್ತರ ಸಿಗಲ್ಲ. 16ರಿಂದ 18ರೊಳಗಿನ ಮಕ್ಕಳ ಮೇಲೆ ಘೋರ ಅಪರಾಧದ ಆರೋಪ ಬಂದಾಗ, ದೊಡ್ಡವರ ಹಾಗೆ ವಿಚಾರಣೆ ಮಾಡಬೇಕಾ ಅಂತ ತಿಳಿಯೋಕೆ ಮಾಡುವ ಪ್ರಾಥಮಿಕ ಮೌಲ್ಯಮಾಪನವನ್ನೂ ನೋಡ್ಕೊಳ್ಳಿ, ಬಾಲನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಅದು.

ಇನ್ನು ಬಟ್ಟೆ, ಫೈಲು, ಕೈಕುಲುಕೋದು ಎಲ್ಲ ನಿಮ್ಮಿಷ್ಟ.

ಎರಡನೇ ಇಂಟರ್ವ್ಯೂಗೆ ಮುಂಚೆ ನಾನು ಮಾಡಿದ್ದು ಒಂದೇ ಕೆಲಸ. ನಮ್ಮ ಭಾವ ಲಾಯರ್. ಅವರ ಮುಂದೆ ಸಾಕ್ಷಿ ಥರ ಕೂತು ಕ್ರಾಸ್ (ಪಾಟೀಸವಾಲು) ಮಾಡಿಸಿಕೊಂಡೆ. 'ಹೆದರಿದವನಿಗೂ ಬೆವರು ಬರುತ್ತಲ್ಲಾ ಮೇಡಂ, ಸುಳ್ಳು ಹೇಳಿದ್ದಕ್ಕೇ ಬಂತು ಅಂತ ಹೇಗೆ ಹೇಳ್ತೀರಿ?' ಅಂದರು, ಮೊದಲ ಪ್ರಶ್ನೆಗೇ. ಯಂತ್ರಕ್ಕೆ ಸುಳ್ಳು ಅಳೆಯೋಕೆ ಬರಲ್ಲ, ಅದು ಅಳೆಯೋದು ಉಸಿರು, ಬೆವರು, ಬಿಪಿ ಅಂತ ಒಪ್ಪಿಕೊಳ್ಳೋಕೆ ಅವತ್ತು ಹತ್ತು ನಿಮಿಷ ತಡವರಿಸಿದೆ, ಅಕ್ಕ ಒಳಗಿನಿಂದ ನಗ್ತಾ ಇದ್ದಳು. ಇಂಟರ್ವ್ಯೂನಲ್ಲೂ ಅದನ್ನೇ ಕೇಳಿದರು. ಅರ್ಧ ನಿಮಿಷ ಸಾಕಾಯಿತು.