ಕುದುರೆಯ ಗೆಜ್ಜೆಯ ಮೇಲೂ ಅದೇ ಮಾತು

ಯೇಸುವಿನ ನಂಬಿಕೆಗೆ ಬಂದ ಹೊಸದರಲ್ಲಿ 'ದೇವರಿಗಾಗಿ ಬೇರ್ಪಟ್ಟ ಜೀವನ' ಅಂದರೆ ನನ್ನ ಹತ್ತಿರ ಉದ್ದದ ಪಟ್ಟಿಯೇ ಇತ್ತು. ಸಿನಿಮಾ ಬಿಟ್ಟೆ. ಹಾಡು ಬಿಟ್ಟೆ. ಹಳೇ ಗೆಳೆಯರು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬೆಳಗ್ಗೆ 5 ಗಂಟೆಗೆ ಎದ್ದು ಮೊಣಕಾಲೂರುತ್ತಿದ್ದೆ. ಎದ್ದದ್ದನ್ನು ನಾಲ್ಕು ಜನಕ್ಕೆ ಹೇಳುತ್ತಲೂ ಇದ್ದೆ ಅನ್ನಿ.

ಅದೇ ದಿನಗಳಲ್ಲಿ ಒಂದು ಸಂಜೆ. ನಲ್ಲಿ ರಿಪೇರಿಗೆ ಬಂದವರು ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಸಾಮಾನಿನ ಚೀಲ ಹೆಗಲಿಗೆ ಹಾಕಿ ಬಾಗಿಲ ಹತ್ತಿರ ನಿಂತರು. ನನಗೆ ಪ್ರಾರ್ಥನಾ ಕೂಟಕ್ಕೆ ಹೊತ್ತಾಗಿತ್ತು. ಬೈಬಲ್ ಕಂಕುಳಲ್ಲಿತ್ತು. "ದುಡ್ಡು ನಾಳೆ ತಗೊಳ್ಳಿ ಅಣ್ಣ" ಅಂದೆ. ಅವರು ಏನೂ ಅನ್ನಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೊರಟರು. ಆ 'ನಾಳೆ' ಬಂದದ್ದು ನಾಲ್ಕು ದಿನ ಬಿಟ್ಟು. ಅದೂ ಅವರೇ ಬಂದು ಕೇಳಿದ ಮೇಲೆ.

ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದ 2ನೇ ವಚನಕ್ಕೆ ನಾವೆಲ್ಲ ಗೆರೆ ಎಳೆದಿರುತ್ತೇವೆ. ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ ಎನ್ನುವ ದೇವರ ಮಾತು. ಗೆರೆ ಎಳೆದು ಮುಂದಕ್ಕೆ ಹೋಗಿಬಿಡುತ್ತೇವೆ. ಅಲ್ಲೇ ಸ್ವಲ್ಪ ನಿಂತು ಓದಿ ನೋಡಿ. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕಿವುಡನನ್ನು ಬೈಯಬಾರದು, ಅವನಿಗೆ ಕೇಳಿಸುವುದೇ ಇಲ್ಲ, ಆದರೂ. ಚಾಡಿ ಹೇಳುತ್ತ ತಿರುಗಬಾರದು. ತಕ್ಕಡಿ, ತೂಕದ ಕಲ್ಲು ಸರಿಯಾಗಿರಬೇಕು. 13ನೇ ವಚನದಲ್ಲಿ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು.

ಎಷ್ಟೋ ಸಲ ಓದಿದ್ದ ವಚನ. ಆ ಸಲ ಮಾತ್ರ ಕಣ್ಣ ಮುಂದೆ ಆ ಚೀಲ ಬಂತು.

ಪರಿಶುದ್ಧ ಅನ್ನುವುದಕ್ಕೆ ಹೀಬ್ರೂ ಭಾಷೆಯಲ್ಲಿರುವ 'ಕಾದೋಶ್' ಪದಕ್ಕೆ ಬೇರೆಯಾಗಿ ಎತ್ತಿಟ್ಟದ್ದು, ಮೀಸಲು ಎಂಬ ಅರ್ಥವಿದೆ. ಮೀಸಲು ಅಂದ ಕೂಡಲೇ ನಮಗೆ ಬೇಲಿ ಹಾಕುವ ಆತುರ. ಬೇಲಿಯ ಆಚೆ ಇರುವವರಿಗೆ 'ಲೋಕದವರು' ಅಂತ ಹೆಸರು ಬೇರೆ. ಯೇಸುಸ್ವಾಮಿಯಾದರೋ, ಜನ ಪಾಪಿಗಳೆಂದು ದೂರವಿಟ್ಟಿದ್ದ ಸುಂಕದವರ ಜೊತೆ ಊಟಕ್ಕೆ ಕೂತರು. ಶಿಷ್ಯರಿಗಾಗಿ ಪ್ರಾರ್ಥಿಸುವಾಗ, ಇವರನ್ನು ಲೋಕದಿಂದ ತೆಗೆದುಕೊಂಡು ಹೋಗು ಅಂತ ಕೇಳಲಿಲ್ಲ, ಕೆಡುಕನಿಂದ ಕಾಪಾಡು ಅಂತ ಕೇಳಿದರು. ಯೋಹಾನ 17ರಲ್ಲಿದೆ. ಬಿಡಬೇಕಾದ್ದು ಏನೂ ಇಲ್ಲ ಅಂತಲ್ಲ. ಮನಸ್ಸು ಕೆಡಿಸುತ್ತಿದ್ದ ಕೆಲವನ್ನು ಬಿಟ್ಟೆ, ಮತ್ತೆ ಬೇಕು ಅನ್ನಿಸಿಲ್ಲ. ಆದರೆ ಬಿಟ್ಟದ್ದನ್ನು ಎಣಿಸುತ್ತ ಕೂತರೆ ಕೊಡಬೇಕಾದ್ದು ಮರೆತೇ ಹೋಗುತ್ತದೆ, ಅಲ್ವಾ?

ಚಾಡಿಗೆ ನಮ್ಮ ಸಭೆಗಳಲ್ಲಿ ಒಂದು ಒಳ್ಳೇ ಹೆಸರಿದೆ: ಪ್ರಾರ್ಥನಾ ವಿಷಯ. "ಆ ಅಕ್ಕನ ಮನೆಗೋಸ್ಕರ ಪ್ರಾರ್ಥನೆ ಮಾಡ್ಬೇಕು ಬ್ರದರ್, ಯಾರಿಗೂ ಹೇಳ್ಬೇಡಿ" ಅಂತ ಶುರುವಾದ ಮಾತು ಅರ್ಧ ಗಂಟೆ ನಡೆಯುತ್ತದೆ. ಪ್ರಾರ್ಥನೆ ಎರಡು ನಿಮಿಷ. ಅಂಥ ಕಡೆ ನಾನೂ ಕಿವಿ ಕೊಟ್ಟು ಕೂತಿದ್ದೇನೆ.

ಮಹಾಯಾಜಕನ ಮುಂಡಾಸದ ಚಿನ್ನದ ಪಟ್ಟಿಯ ಮೇಲೆ 'ಯೆಹೋವನಿಗೆ ಮೀಸಲು', ಅಂದರೆ ದೇವರಿಗೆ ಮೀಸಲು, ಅಂತ ಕೆತ್ತಬೇಕೆಂದು ವಿಮೋಚನಕಾಂಡ 28ರಲ್ಲಿದೆ. ಪ್ರವಾದಿ ಜೆಕರ್ಯನ ಪುಸ್ತಕದ 14ನೇ ಅಧ್ಯಾಯಕ್ಕೆ ಬಂದರೆ ಅದೇ ಮಾತು ಕುದುರೆಗಳ ಗೆಜ್ಜೆಯ ಮೇಲಿದೆ! ಯೆರೂಸಲೇಮಿನ ಮನೆಮನೆಯ ಪಾತ್ರೆಗಳೂ ಮೀಸಲು. ದೇವಾಲಯದ ಮಾತು ಲಾಯಕ್ಕೂ ಬಂತು, ಒಲೆಯ ಹತ್ತಿರಕ್ಕೂ ಬಂತು. ಹಾಗಿದ್ದರೆ ನನ್ನ ಪರ್ಸನ್ನು ಮಾತ್ರ ಯಾಕೆ ಹೊರಗಿಡಲಿ?

ಮೊನ್ನೆ ಅದೇ ಅಣ್ಣ ಮತ್ತೆ ಬಂದಿದ್ದರು. ಅವರು ಕೆಲಸ ಮುಗಿಸುವಷ್ಟರಲ್ಲಿ ದುಡ್ಡು ಎಣಿಸಿ ಮೇಜಿನ ಮೇಲಿಟ್ಟಿದ್ದೆ. ಅವತ್ತಿನದಕ್ಕೆ ಕ್ಷಮಿಸಿ ಅನ್ನಬೇಕು ಅಂತಿದ್ದೆ. ಬಾಯಿಗೆ ಬರಲಿಲ್ಲ. ಅದೊಂದು ಇನ್ನೂ ಬಾಕಿ ಇದೆ.