ಹಣೆಪಟ್ಟಿ ಅಂಟಿಸುವವರ ಸಂಭ್ರಮ

2019ರ ಏಪ್ರಿಲ್ 9ರಂದು ಟೆಹರಾನಿನ ಸಂಸತ್ತಿಗೆ ಕಾಲಿಟ್ಟವರಿಗೆ ದಾರಿ ತಪ್ಪಿ ಯಾವುದೋ ದಂಡಿನ ಪಾಳೆಯಕ್ಕೆ ಬಂದೆವೇನೋ ಎನ್ನಿಸಿರಬೇಕು. ಮಾನ್ಯ ಸದಸ್ಯರು ಇರಾನಿನ ಮಾಮೂಲಿ ಸೇನೆಯಿಂದ ಬೇರೆಯಾದ ರೆವಲ್ಯೂಷನರಿ ಗಾರ್ಡ್ಸ್ ಪಡೆಯ ಹಸಿರು ಸಮವಸ್ತ್ರ ತೊಟ್ಟು ಬಂದು ಅಮೆರಿಕಕ್ಕೆ ಧಿಕ್ಕಾರ ಕೂಗುತ್ತಿದ್ದರು. ಹಿಂದಿನ ದಿನವಷ್ಟೇ ವಾಷಿಂಗ್ಟನ್ ಆ ಪಡೆಯನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತ್ತು. ಇನ್ನೊಂದು ದೇಶದ ಸರ್ಕಾರಿ ಪಡೆಯೊಂದಕ್ಕೆ ಅಮೆರಿಕ ಹೀಗೆ ಹಣೆಪಟ್ಟಿ ಹಚ್ಚಿದ್ದು ಅದೇ ಮೊದಲು. ಇಷ್ಟು ಬೇಗ ಇಷ್ಟೊಂದು ಜನರಿಗೆ ಅಳತೆಯ ಬಟ್ಟೆ ಒದಗಿಸಿದ ದರ್ಜಿ ಯಾರೋ, ಆ ದೇಶದಲ್ಲಿ ಅಷ್ಟು ಚುರುಕಾದ ಇಲಾಖೆ ಬೇರೊಂದಿರಲಾರದು.

ಬೀದಿ ನಲ್ಲಿಯ ಮುಂದಿನ ಜಗಳ ನೋಡಿದವರಿಗೆ ಮುಂದಿನದು ಗೊತ್ತೇ ಇದೆ. ಒಬ್ಬಾಕೆ ‘ನೀನು ಕಳ್ಳಿ’ ಎಂದರೆ ಇನ್ನೊಬ್ಬಾಕೆ ‘ನೀನೇ ಕಳ್ಳಿ, ನಿನ್ನ ವಂಶವೇ ಕಳ್ಳರದು’ ಎನ್ನುತ್ತಾಳೆ. ಕೊಡ ಮಾತ್ರ ಖಾಲಿಯಾಗಿಯೇ ಇರುತ್ತದೆ. ಇರಾನ್ ಅಂದೇ ಪಶ್ಚಿಮ ಏಷ್ಯಾ ನೋಡಿಕೊಳ್ಳುವ ಅಮೆರಿಕದ ಸೇನಾ ವಿಭಾಗ ಸೆಂಟ್ರಲ್ ಕಮಾಂಡ್ ಅನ್ನು ಭಯೋತ್ಪಾದಕ ಎಂದು ಕರೆದು, ತಿಂಗಳು ಮುಗಿಯುವುದರೊಳಗೆ ಕಾನೂನನ್ನೂ ಮಾಡಿತು. 2020ರ ಜನವರಿಯಲ್ಲಿ ಗಾರ್ಡ್ಸ್‌ನ ಜನರಲ್ ಸುಲೇಮಾನಿಯನ್ನು ಅಮೆರಿಕದ ಡ್ರೋನ್ ಕೊಂದಾಗ ಅದೇ ಕಾನೂನನ್ನು ಹಿಗ್ಗಿಸಿ ಇಡೀ ಪೆಂಟಗನ್ ಅನ್ನೇ ಒಳಗೆ ತುರುಕಿತು. ಅದೇ ಸಲ ಗಾರ್ಡ್ಸ್‌ನ ಕುದ್ಸ್ ಪಡೆಗೆ 20 ಕೋಟಿ ಯೂರೋ ಮಂಜೂರಾಯಿತು. ಬೈಗುಳದ ಜೊತೆಗೆ ಬಜೆಟ್ಟೂ ಬಂದರೆ ಯಾರಿಗೆ ತಾನೇ ಬೇಜಾರು?

ಈ ಮಸೂದೆಯಿಂದ ಪೆಂಟಗನ್ನಿನ ಯಾವ ಮೇಜಿನ ಯಾವ ಕಡತವೂ ಅಲುಗಲಿಲ್ಲ. ಅಲುಗಿದ್ದು ಬೇರೆಯೇ. ಜನವರಿ 7ರಂದು ಮಸೂದೆ ಪಾಸಾಯಿತು. ಮರುದಿನ ಬೆಳಗಿನ ಕತ್ತಲಲ್ಲಿ ಟೆಹರಾನಿನಿಂದ ಮೇಲೇರಿದ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಇದೇ ಗಾರ್ಡ್ಸ್ ಪಡೆ ಕ್ಷಿಪಣಿ ಹಾರಿಸಿ ಬೀಳಿಸಿತು. 176 ಜನ ಸತ್ತರು. ಮೂರು ದಿನ ‘ನಾವಲ್ಲ’ ಎಂದು, ಆಮೇಲೆ ‘ತಪ್ಪಾಯಿತು’ ಎಂದರು. ಇಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ಸತ್ತವರಲ್ಲಿ 55 ಮಂದಿ ಕೆನಡಾದ ಪೌರರು. ಆ ದೇಶದ ಕಥೆ ಇನ್ನೂ ಸ್ವಾರಸ್ಯಕರ. ಕೆನಡಾ 2012ರಲ್ಲೇ ಕುದ್ಸ್ ಪಡೆಯನ್ನು ತನ್ನ ಭಯೋತ್ಪಾದಕರ ಪಟ್ಟಿಗೆ ಸೇರಿಸಿತ್ತು. ಕುದ್ಸ್ ಎಂದರೆ ಗಾರ್ಡ್ಸ್‌ನ ವಿದೇಶಿ ಕಾರ್ಯಾಚರಣೆಯ ಅಂಗ. ಅಂದರೆ ಬಲಗೈ ಭಯೋತ್ಪಾದಕ, ಉಳಿದ ದೇಹ ಸಭ್ಯ ಗೃಹಸ್ಥ. ಊಟಕ್ಕೆ ಕೂತರೆ ಎಡಗೈಯಲ್ಲಿ ಉಣ್ಣಬೇಕಿತ್ತೇನೋ. 2018ರ ಜೂನ್‌ನಲ್ಲಿ ವಿರೋಧ ಪಕ್ಷ ‘ಇಡೀ ದೇಹವನ್ನು ಕೂಡಲೇ ಸೇರಿಸಿ’ ಎಂಬ ಗೊತ್ತುವಳಿ ತಂದಿತು. ಆಳುವ ಲಿಬರಲ್ ಪಕ್ಷದವರೂ ಕೈ ಎತ್ತಿದರು. ಕೈ ಎತ್ತಿದವರೇ ಸರ್ಕಾರ ನಡೆಸುತ್ತಿದ್ದರು, ತಮಗೆ ತಾವೇ ಆದೇಶ ಕೊಟ್ಟುಕೊಂಡಿದ್ದರು, ಆ ಆದೇಶ ತಮಗೇ ತಲುಪಲಿಲ್ಲ. ನಡುವೆ ವಿಮಾನ ಬಿತ್ತು. ಪ್ರತಿಭಟನೆಗಳಾದವು, ಸಂತಾಪ ಸಭೆಗಳಾದವು. ‘ಕೂಡಲೇ’ ಎಂಬ ಪದಕ್ಕೆ ಕೆನಡಾದ ನಿಘಂಟಿನಲ್ಲಿ ಆರು ವರ್ಷ ಎಂಬ ಅರ್ಥವಿದೆ ಎಂಬುದು 2024ರ ಜೂನ್ 19ರಂದು ತಿಳಿಯಿತು. ಅಂದು ಉಳಿದ ದೇಹವೂ ಪಟ್ಟಿ ಸೇರಿತು.

ಬ್ರಿಟನ್ನಿನದು ಚುಟುಕಾಗಿ ಹೇಳಬಹುದಾದ ಸಾಹಸ. ರಷ್ಯಾದ ವ್ಯಾಗ್ನರ್ ಕೂಲಿಪಡೆ ಉಕ್ರೇನಿನಲ್ಲೂ ಆಫ್ರಿಕಾದಲ್ಲೂ ಮೆರೆದಾಡುವಾಗ ಅದಕ್ಕೆ ಹಣೆಪಟ್ಟಿ ಹಚ್ಚಬೇಕೇ ಎಂದು ಲಂಡನ್ ಪರಿಶೀಲಿಸುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದರ ನಾಯಕ ಪ್ರಿಗೋಝಿನ್ ವಿಮಾನ ದುರಂತದಲ್ಲಿ ಸತ್ತ. ಸೆಪ್ಟೆಂಬರ್‌ನಲ್ಲಿ ಲಂಡನ್ ನಿಷೇಧ ಹೇರಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದೆಂದು ಹೆಮ್ಮೆಪಡುತ್ತಿದ್ದೆ, ಅದಕ್ಕೀಗ ಪಾಲುದಾರರಿದ್ದಾರೆ.

ಅಂಟಿಸುವುದು ಇಷ್ಟು ಕಷ್ಟವಾದರೆ ಕೀಳುವುದು ಇನ್ನೆಷ್ಟು ಕಷ್ಟವೋ ಎಂದು ನೀವು ಗಾಬರಿಯಾಗಬೇಡಿ. ಅಂಟಿಸುವವರ ಕಚೇರಿಯಲ್ಲಿ ಗೋಂದು ಎರಡು ಬಗೆಯದು. ನೆಲ್ಸನ್ ಮಂಡೇಲಾ ನೊಬೆಲ್ ಪಡೆದು, ರಾಷ್ಟ್ರಾಧ್ಯಕ್ಷರಾಗಿ, ನಿವೃತ್ತರೂ ಆದ ಮೇಲೆ ಅವರ ಹೆಸರನ್ನು ಅಮೆರಿಕ ತನ್ನ ಭಯೋತ್ಪಾದಕರ ನಿಗಾ ಪಟ್ಟಿಯಿಂದ ತೆಗೆದದ್ದು 2008ರಲ್ಲಿ. ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನ ಉಳಿದಿದ್ದವು. ಇದು ಗಟ್ಟಿ ಗೋಂದು.

ತೆಳು ಗೋಂದು ಬೇಕಾದರೆ ಯೆಮನ್ನಿನ ಬಂಡುಕೋರ ಪಡೆ ಹೂತಿಗಳನ್ನು ನೋಡಿ. ಅವರಿಗೆ ಅಮೆರಿಕ ಹಣೆಪಟ್ಟಿ ಅಂಟಿಸಿದ್ದು 2021ರ ಜನವರಿ 19ರಂದು, ಟ್ರಂಪ್ ಮೊದಲ ಅವಧಿಯ ಕೊನೆಯ ಪೂರ್ಣ ದಿನ. ನಮ್ಮಲ್ಲಿ ಬಸ್ಸು ಹತ್ತುವವರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಇಲ್ಲಿ ಇಳಿಯುವವರು ಟವೆಲ್ ಹಾಕಿ ಹೋದರು. ಯೆಮನ್ ತಿನ್ನುವ ಧಾನ್ಯ ಬಹುಪಾಲು ಹೊರಗಿನದು, ದೊಡ್ಡ ಬಂದರು ಹೂತಿಗಳ ಕೈಯಲ್ಲಿ. ಬಂದರು ಶುಲ್ಕ ಕಟ್ಟಿ ಗೋಧಿ ಇಳಿಸಿದ ವ್ಯಾಪಾರಿಯೂ ಭಯೋತ್ಪಾದಕರಿಗೆ ಹಣ ಕೊಟ್ಟವನಾಗುತ್ತಾನೆ, ಜನ ಉಪವಾಸ ಸಾಯುತ್ತಾರೆ ಎಂದು ಪರಿಹಾರ ಸಂಸ್ಥೆಗಳು ಬೊಬ್ಬೆ ಹಾಕಿದವು. ಬೈಡನ್ 28 ದಿನಕ್ಕೆ ಟವೆಲ್ ತೆಗೆದರು. ಹೂತಿಗಳಿಂದ ಹಡಗುಗಳ ಮೇಲೆ ದಾಳಿಯಾದಾಗ, 2024ರಲ್ಲಿ, ಬೈಡನ್ ಅವರೇ ಒಂದು ಕರವಸ್ತ್ರ, ಅಂದರೆ ಕೊಂಚ ಹಗುರವಾದ ಹಣೆಪಟ್ಟಿ, ಹಾಕಿದರು. 2025ರ ಮಾರ್ಚ್‌ನಲ್ಲಿ ಟ್ರಂಪ್ ಮರಳಿ ದೊಡ್ಡ ಟವೆಲ್ಲನ್ನೇ ಹಾಸಿದರು. ಮೇ ತಿಂಗಳಲ್ಲಿ ಅದೇ ಹೂತಿಗಳೊಂದಿಗೆ ಕದನವಿರಾಮ. ಈ ಮಧ್ಯೆ ಹೂತಿಗಳು ಮಾತ್ರ ಬದಲಾಗದೆ ಉಳಿದರು.

ಸಿರಿಯಾದ ಬಂಡುಕೋರ ನಾಯಕ ಅಹ್ಮದ್ ಅಲ್ ಶರಾ ಅವರ ಅದೃಷ್ಟ ಇದಕ್ಕೂ ಮೇಲು. ಅವರ ತಲೆಗೆ ಅಮೆರಿಕ ಒಂದು ಕೋಟಿ ಡಾಲರ್ ಬಹುಮಾನ ಕಟ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಅವರು ಡಮಾಸ್ಕಸ್ ಗೆದ್ದ ಬೆನ್ನಲ್ಲೇ ಆ ಬಹುಮಾನ ಮಾಯವಾಯಿತು. ಮುಂದಿನ ಜುಲೈನಲ್ಲಿ ಅವರ ಸಂಘಟನೆ ಪಟ್ಟಿಯಿಂದ ಹೊರಬಿತ್ತು, ನವೆಂಬರ್‌ನಲ್ಲಿ ಅವರು ಶ್ವೇತಭವನದ ಅತಿಥಿ. ಟ್ರಂಪ್ ತಮ್ಮದೇ ಹೆಸರಿನ ಸುಗಂಧದ ಬಾಟಲಿ ತೆಗೆದು ಅವರ ಮೇಲೆ ಚಿಮುಕಿಸಿ, ‘ನಿಮಗೆ ಹೆಂಡತಿಯರು ಎಷ್ಟು ಮಂದಿ’ ಎಂದು ವಿಚಾರಿಸಿದರು. ಒಬ್ಬಳೇ ಎಂದು ಉತ್ತರ ಬಂತು. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ಕೂಡ ಇಷ್ಟು ವಿಚಾರಿಸುವುದಿಲ್ಲ. ಪಟ್ಟಿಯಿಂದ ಹೊರಬರುವ ಖಚಿತ ಮಾರ್ಗ ಇದರಿಂದ ತಿಳಿಯುತ್ತದೆ: ಒಂದು ರಾಜಧಾನಿ ಗೆದ್ದರೆ ಸಾಕು.

ರಾಜಧಾನಿ ಗೆಲ್ಲಲಾಗದವರ ಗತಿಯೇನು? ಪಟ್ಟಿಗೆ ಸೇರಿದರೆ ಆಗುವುದು ಮುಖ್ಯವಾಗಿ ಮೂರು: ಆ ದೇಶದಲ್ಲಿರುವ ಆಸ್ತಿ ಮುಟ್ಟುಗೋಲು, ನೆರವು ಕೊಟ್ಟವರಿಗೆ ಜೈಲು, ಸದಸ್ಯರಿಗೆ ಪ್ರವೇಶವಿಲ್ಲ. ಗಾರ್ಡ್ಸ್‌ನ ಜನರಲ್ ಸಾಹೇಬರಿಗೆ ಅಮೆರಿಕದ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇದ್ದಂತಿಲ್ಲ, ಬೇಸಿಗೆ ರಜೆಗೆ ಡಿಸ್ನಿಲ್ಯಾಂಡ್ ನೋಡುವ ಹರಕೆಯನ್ನೂ ಅವರು ಹೊತ್ತಂತಿಲ್ಲ. ಹಾಗಾದರೆ ಬಲೆಗೆ ಬೀಳುವವನು ಯಾರು?

ಇರಾನಿನಲ್ಲಿ ಹದಿನೆಂಟು ತುಂಬಿದ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ. ಸೇನೆಯೋ ಪೊಲೀಸೋ ಗಾರ್ಡ್ಸೋ ಎಂಬುದನ್ನು ಹುಡುಗ ಆರಿಸುವುದಲ್ಲ, ಎಲ್ಲಿಗೆ ಹಾಕಿದರೆ ಅಲ್ಲಿಗೆ. ಗಾರ್ಡ್ಸ್‌ಗೆ ಬಿದ್ದವನು ಎರಡು ವರ್ಷದ ಆಸುಪಾಸು ಗೇಟು ಕಾಯುತ್ತಾನೆ, ಕಡತ ಹೊರುತ್ತಾನೆ ಅಥವಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾನೆ. ಮುಗಿದ ಮೇಲೆ ಒಂದು ಕಾರ್ಡು ಸಿಗುತ್ತದೆ. ಆ ಕಾರ್ಡಿಲ್ಲದೆ ಪಾಸ್‌ಪೋರ್ಟ್ ಇಲ್ಲ, ಅಂದರೆ ದೇಶ ಬಿಡುವ ಹಾಗಿಲ್ಲ. ಕಾರ್ಡಿದ್ದರೆ ಗಾರ್ಡ್ಸ್‌ನಲ್ಲಿದ್ದ ಪುರಾವೆ ಜೇಬಿನಲ್ಲೇ ಇದೆ, ಅಮೆರಿಕದೊಳಗೆ ಹೋಗುವ ಹಾಗಿಲ್ಲ. ಕೆನಡಾದಲ್ಲಿ ವರ್ಷಗಟ್ಟಲೆ ದುಡಿದು ಅಲ್ಲಿನ ಪೌರರಾದವರು ಕೂಡ ಅಮೆರಿಕದ ಗಡಿಯಲ್ಲಿ ಈ ಹಳೆಯ ಈರುಳ್ಳಿಗಾಗಿ ವಾಪಸು ಬಂದಿದ್ದಾರೆ. ಕೆನಡಾದ ಮಂತ್ರಿಗಳು ಆರು ವರ್ಷ ತಡಮಾಡಲು ಕೊಟ್ಟ ಕಾರಣಗಳಲ್ಲಿ ಇದೇ ಹುಡುಗನ ಮೇಲಿನ ಕನಿಕರವೂ ಒಂದು. ಆಮೇಲೆ ಕನಿಕರದ ಅವಧಿ ಮುಗಿಯಿತು.

ಅಮೆರಿಕದ ವೀಸಾ ಅರ್ಜಿಯಲ್ಲಿ ಸೇನಾ ಸೇವೆಗೆಂದೇ ಖಾನೆಗಳಿವೆ. ಯಾವ ದೇಶ, ಯಾವ ಶಾಖೆ, ಯಾವ ದರ್ಜೆ. ಮೂರನ್ನೂ ತುಂಬಿದ ಹುಡುಗನಿಗೆ ಮುಂದಿನ ಖಾನೆ ಕೇಳುತ್ತದೆ: ಮಿಲಿಟರಿಯಲ್ಲಿ ನಿಮ್ಮ ವಿಶೇಷ ಪರಿಣತಿ ಏನು? ಹತ್ತು ನಿಮಿಷಕ್ಕೆ ಒಂದು ಬುಟ್ಟಿ, ಅದೂ ಕಣ್ಣೀರು ಹಾಕದೆ, ಎಂದು ಬರೆಯಲು ಅಲ್ಲಿ ಜಾಗ ಸಾಲದು.